ಮೆಕ್ಯಾನಿಕ್ ಸ್ಟೆತಾಸ್ಕೋಪ್: ನಾಲ್ಕು ಮಳೆಗಾಲ ಬಳಸಿದ ಮೇಲೆ

ಡಾಕ್ಟರ ಕೊರಳಲ್ಲಿ ಇರುತ್ತಲ್ವಾ, ಅದೇ ಸ್ಟೆತಾಸ್ಕೋಪ್. ತುದಿಯಲ್ಲಿ ಬಿಲ್ಲೆಯ ಬದಲು ಗೇಣುದ್ದದ ಉಕ್ಕಿನ ಕಡ್ಡಿ ಇದೆ, ಅಷ್ಟೇ ವ್ಯತ್ಯಾಸ. ಕಡ್ಡಿಯನ್ನು ಗಾಡಿಯ ಭಾಗಕ್ಕೆ ತಾಗಿಸಿದರೆ ಅದರೊಳಗಿನ ಸದ್ದು ಕಿವಿಗೆ ಕೇಳಿಸುತ್ತದೆ. ಆನ್‌ಲೈನ್‌ನಲ್ಲಿ 450 ರೂಪಾಯಿಗೆ ತರಿಸಿದೆ. ಡಬ್ಬಿಯ ಮೇಲೆ ಕಂಪನಿ ಹೆಸರೂ ಇರಲಿಲ್ಲ.

ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಕಾಫಿ ತೋಟ. ಗಾಡಿ ಹಳೇ ಡೀಸೆಲ್ ಪಿಕಪ್, ಎಳೆತ ಹಿಂದಿನ ಚಕ್ರಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರಲ್ಲೇ ಅದರ ಓಡಾಟ. ಇಂಥ ಗಾಡಿಯ ಹಿಂದೆ ಶಬ್ದ ಶುರುವಾದರೆ ಎಲ್ಲಿಂದ ಅಂತ ಹೇಳುವುದು ಬಹಳ ಕಷ್ಟ. ಎಂಜಿನ್ನಿನ ಎಳೆತವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಅದರ ಕೀಲುಗಳಾದ ಕ್ರಾಸ್‌ಗಳು, ಅದನ್ನು ನಡುವೆ ಹಿಡಿದಿರುವ ಸೆಂಟರ್ ಬೇರಿಂಗ್, ಎಳೆತವನ್ನು ಹಿಂದಿನ ಆಕ್ಸಲ್‌ಗೆ ದಾಟಿಸುವ ಹಲ್ಲುಚಕ್ರದ ಜೋಡಿ ಕ್ರೌನ್ ಪಿನಿಯನ್, ವೀಲ್ ಬೇರಿಂಗ್, ಎಲ್ಲದರ ಸದ್ದೂ ಚಾಸಿ ಹತ್ತಿ ಬಂದು ಸೀಟಿನ ಕೆಳಗೆ ಒಂದೇ ಥರ ಕೇಳಿಸುತ್ತದೆ.

ನಾನು ಇದನ್ನು ತರಿಸಿದ್ದೇ ಒಂದು ಗುಂಯ್‌ಗುಡುವ ಶಬ್ದಕ್ಕೆ. ಸ್ಪೀಡು 40 ದಾಟಿದರೆ ಸಾಕು, ಬೀಸುವ ಕಲ್ಲು ತಿರುಗಿದ ಹಾಗೆ. ಒಂದು ಗ್ಯಾರೇಜಿನಲ್ಲಿ ಒಂದು ಸುತ್ತು ಓಡಿಸಿ ನೋಡಿ, "ಅಕ್ಕಾ, ಕ್ರೌನ್ ಹೋಗಿದೆ, ಸೆಟ್ಟೇ ಬದಲಾಯಿಸಬೇಕು, 30 ಸಾವಿರ ಆಗ್ತದೆ" ಅಂದರು. ಹಿಂದಿನ ವರ್ಷ ಕರಿಮೆಣಸು ಕೈಕೊಟ್ಟಿತ್ತು. ಅಷ್ಟು ದುಡ್ಡು ಸುಮ್ನೆ ಕೊಡುವ ಸ್ಥಿತಿ ಇರಲಿಲ್ಲ.

ಗಾಡಿಯನ್ನು ಆನೆಕಾಡಿನ ರಸ್ತೆಗೆ ತಂದೆ. 50ರಲ್ಲಿ ಹೋಗುತ್ತಾ ಆಕ್ಸಿಲರೇಟರ್ ಬಿಟ್ಟೆ. ಶಬ್ದ ಬದಲಾಗಲಿಲ್ಲ. ಕ್ರೌನ್ ಪಿನಿಯನ್ ಹಲ್ಲು ಸವೆದಿದ್ದರೆ ಸಾಮಾನ್ಯವಾಗಿ ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ ಬರುತ್ತದೆ. ಡಾಂಬರು ಒರಟಿದ್ದ ಕಡೆಯೂ ನುಣುಪಿದ್ದ ಕಡೆಯೂ ಒಂದೇ ಸದ್ದು, ಹಾಗಾಗಿ ಟೈರೂ ಇರಲಾರದು. ಮಡಿಕೇರಿ ಕಡೆಯ ತಿರುವುಗಳಲ್ಲಿ ವಿಷಯ ಗೊತ್ತಾಯಿತು. ಎಡಕ್ಕೆ ತಿರುಗಿಸಿದಾಗ ಜೋರು, ಬಲಕ್ಕೆ ತಿರುಗಿಸಿದಾಗ ಕಡಿಮೆ. ಎಡಕ್ಕೆ ತಿರುಗುವಾಗ ಭಾರ ಬೀಳುವುದು ಬಲಗಡೆ ಚಕ್ರದ ಮೇಲೆ ಅಲ್ವಾ?

ಮನೆಗೆ ಬಂದು ಕಣದ ಸಿಮೆಂಟ್ ನೆಲದ ಮೇಲೆ ಹಿಂದಿನ ಎರಡೂ ಚಕ್ರ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟೆವು. ಮುಂದಿನ ಚಕ್ರ ಉರುಳದಂತೆ ಎರಡೂ ಕಡೆ ಅಡ್ಡ ಇಟ್ಟೆವು. ತಮ್ಮ ಸೀಟಿನಲ್ಲಿ ಕೂತು ಗೇರಿಗೆ ಹಾಕಿ ನಿಧಾನಕ್ಕೆ ತಿರುಗಿಸಿದ. ಎಡಗಡೆ ಆಕ್ಸಲ್ ತುದಿಗೆ ಕಡ್ಡಿ ಇಟ್ಟರೆ ಸಣ್ಣಗೆ, ಒಂದೇ ಸಮನೆ ಸದ್ದು. ಕ್ರೌನ್ ಪಿನಿಯನ್ ಇರುವ ನಡುವಿನ ಗುಂಡಿನ ಮೇಲೆ ಇಟ್ಟರೂ ಹಾಗೇ. ಬಲತುದಿಗೆ ಇಟ್ಟ ಕೂಡಲೇ ಮರಳು ರುಬ್ಬಿದಂತೆ ಗರಗರ! ವೀಲ್ ಬೇರಿಂಗ್. ಬೇರೆ ಗ್ಯಾರೇಜಿನಲ್ಲಿ ಕೂಲಿ ಸೇರಿ 2,800 ರೂಪಾಯಿ ಆಯಿತು. ಶಬ್ದ ಪೂರ್ತಿ ನಿಂತಿತು. ಆವತ್ತು ನನಗಾದ ಸಮಾಧಾನ ಹೇಳಲಾರೆ.

ಇದನ್ನು ಕೊಳ್ಳುವವರು ಒಂದು ಮಾತು ನೆನಪಿಡಿ. ಒಂದೇ ಜಾಗಕ್ಕೆ ಇಟ್ಟು ಕೇಳಿದರೆ ಏನೂ ತಿಳಿಯುವುದಿಲ್ಲ. ಕಿವಿಗೆ ಎಲ್ಲವೂ ಕೆಟ್ಟ ಹಾಗೇ ಕೇಳಿಸುತ್ತದೆ. ಎಡ ಬಲ ಹೋಲಿಸಿ. ಗಾಡಿ ಚೆನ್ನಾಗಿರುವಾಗಲೇ ಒಮ್ಮೆ ಕೇಳಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಕೂದಲು ಕಟ್ಟಿ, ವೇಲ್ ತೆಗೆದಿಡಿ. ತಿರುಗುವ ಶಾಫ್ಟಿಗೆ ಕಡ್ಡಿ ತಾಗಿಸಲೇಬೇಡಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಒಂದೇ ಚಕ್ರ ಎತ್ತಿ ಗೇರಿಗೆ ಹಾಕುವುದಂತೂ ಬೇಡ. ಒಂದು ಚಕ್ರ ನಿಂತಿದ್ದರೆ ಎತ್ತಿದ ಚಕ್ರ ಎರಡು ಪಟ್ಟು ವೇಗದಲ್ಲಿ ತಿರುಗುತ್ತದೆ. ಎರಡೂ ಹಿಂದಿನ ಚಕ್ರವನ್ನು ಒಟ್ಟಿಗೆ ತಿರುಗಿಸುವ ಲಾಕ್ ಇರುವ ಗಾಡಿಯಾದರೆ ಮುಂದಕ್ಕೆ ಹಾರಿಬಿಡಬಹುದು. ನಾಲ್ಕೂ ಚಕ್ರಕ್ಕೆ ಯಾವಾಗಲೂ ಎಳೆತ ಇರುವ ಗಾಡಿಗೆ ಈ ವಿಧಾನವೇ ಆಗದು.

ಎರಡನೇ ಸಲ ಇದು ಉಪಯೋಗಕ್ಕೆ ಬರಲಿಲ್ಲ. ರಿವರ್ಸ್ ಹಾಕಿ ಕ್ಲಚ್ ಬಿಟ್ಟರೆ 'ಟಕ್' ಅಂತ ಒಂದೇ ಒಂದು ಏಟು. ಒಮ್ಮೆ ಬಂದು ಹೋಗುವ ಶಬ್ದವನ್ನು ಕಡ್ಡಿ ಹಿಡಿದು ಹುಡುಕುವುದು ಹೇಗೆ? ಶಾಫ್ಟನ್ನು ಕೈಯಲ್ಲಿ ಹಿಡಿದು ಆಚೆ ಈಚೆ ತಿರುಚಿದಾಗ ಕ್ರಾಸ್‌ನಲ್ಲಿ ಸಡಿಲ ಕಾಣಿಸಿತು. ಅದರ ಬಾಯಿಯ ಸುತ್ತ ಕೆಂಪು ತುಕ್ಕಿನ ಪುಡಿ. ಗ್ರೀಸ್ ಕಾಣದೆ ಒಳಗಿನ ಸೂಜಿ ಬೇರಿಂಗ್ ಒಣಗಿತ್ತು. ಈಗ ಮಳೆಗಾಲದ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಗ್ರೀಸ್ ಹೊಡೆಸುತ್ತೇನೆ.

ಮೂರನೇ ಸಲ ಇದನ್ನೇ ನಂಬಿದ್ದರೆ ಕೆಡುತ್ತಿದ್ದೆ. ಹೋದ ಜನವರಿ, ಕಾಫಿ ಕುಯ್ಲಿನ ಸಮಯ. 50 ಕೆ.ಜಿ.ಯ 20 ಮೂಟೆ ಹೇರಿ ದಿಣ್ಣೆ ಹತ್ತುವಾಗ ಹಿಂದಿನಿಂದ ಊಂ ಅಂತ ಗೋಳಾಟ. ಆಕ್ಸಿಲರೇಟರ್ ಬಿಟ್ಟರೆ ಮಾಯ. ಚಕ್ರ ಎತ್ತಿ ಕಡ್ಡಿ ಇಟ್ಟೆ. ಎಲ್ಲ ಕಡೆ ನುಣ್ಣಗೆ! ಭಾರ ಬಿದ್ದಾಗ ಮಾತ್ರ ಬರುವ ಶಬ್ದ, ಗಾಳಿಯಲ್ಲಿ ತಿರುಗುವ ಚಕ್ರದಲ್ಲಿ ಕೇಳಿಸಲಿಲ್ಲ. ಇದು ಈ ಸಾಧನದ ದೊಡ್ಡ ಕೊರತೆ. ಅನುಮಾನ ಬಂದು ಕ್ರೌನ್ ಆಯಿಲ್ ಇಳಿಸಿದೆವು. ಹಾಲು ಹಾಕಿದ ಕಾಫಿಯ ಬಣ್ಣ. ನೀರು ಸೇರಿತ್ತು. ತೋಟದ ದಾರಿಯಲ್ಲಿ ಒಂದು ತೋಡು, ಅಂದರೆ ಸಣ್ಣ ಹಳ್ಳ, ದಾಟಬೇಕು. ಓಡಿ ಬಿಸಿಯಾದ ಹೌಸಿಂಗ್ (ಅದೇ ನಡುವಿನ ಗುಂಡು) ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡಲು ಇರುವ ತೂತು, ಬ್ರೀದರ್, ತೆರೆದಿದ್ದರೆ ಮೇಲಿಂದ ಗಾಳಿ ಬರುತ್ತದೆ. ನಮ್ಮದು ಕೆಸರು ಕಟ್ಟಿ ಮುಚ್ಚಿತ್ತು, ಸೀಲ್ ಮೂಲಕ ನೀರು ಎಳೆದುಕೊಂಡಿತ್ತು. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಅಂಟಿದ್ದರೆ ಹೆದರಬೇಕಿಲ್ಲ. ನಮ್ಮದರಲ್ಲಿ ಕೈಗೆ ಚುಚ್ಚುವ ಚೂರುಗಳಿದ್ದವು. ಪಿನಿಯನ್ ಬೇರಿಂಗ್ ಗುಳಿ ಬಿದ್ದಿತ್ತು, ಹಲ್ಲು ಉಳಿದಿತ್ತು. ಬೇರಿಂಗ್, ಸೀಲ್, ಹೊಸ 80ಡಬ್ಲ್ಯೂ-90 ಜಿಎಲ್-5 ಗೇರ್ ಆಯಿಲ್, ಕೂಲಿ ಎಲ್ಲ ಸೇರಿ 14 ಸಾವಿರ. ಬ್ರೀದರಿಗೆ ಪೈಪ್ ಹಾಕಿಸಿ ಬಾಡಿಯ ಎತ್ತರಕ್ಕೆ ಏರಿಸಿದ್ದೇವೆ.

ಸಾಮಾನಿನ ಗುಣಮಟ್ಟ ಸಾಧಾರಣ. ಮೊದಲ ಮಳೆಗಾಲಕ್ಕೇ ಕಿವಿಯ ಗುಬುಟಿಗೆ ಬೂಷ್ಟು ಹಿಡಿಯಿತು. ಎರಡನೆಯದಕ್ಕೆ ರಬ್ಬರ್ ಟ್ಯೂಬ್ ಬಿರುಕು ಬಿಟ್ಟಿತು. ಕುಶಾಲನಗರದ ಒಂದು ಮೆಡಿಕಲ್ ಅಂಗಡಿಯಲ್ಲಿ ಡಾಕ್ಟರ ಸ್ಟೆತಾಸ್ಕೋಪ್‌ನ ಟ್ಯೂಬ್ ಸಿಕ್ಕಿತು, ಸರಿಯಾಗಿ ಕೂತಿತು. ಕಡ್ಡಿಗೆ ಎಣ್ಣೆ ಸವರಿ ಅಕ್ಕಿ ಡಬ್ಬದ ಪಕ್ಕ, ಒಲೆಯ ಬೆಚ್ಚಗೆ ಇಡುತ್ತೇನೆ. ಐದರಲ್ಲಿ ನಾಲ್ಕು ಸ್ಟಾರ್. ಟ್ಯೂಬ್ ಚೆನ್ನಾಗಿದ್ದಿದ್ದರೆ ಐದೂ ಕೊಡುತ್ತಿದ್ದೆ.