ಗದಗ ಕಡೆ ‘ಸ್ಫಟಿಕ ಅಗೆಯುವ ಫೋಟೊ ಟ್ರಿಪ್’ಗೆ ಕರೆದರೆ ದುಡ್ಡು ಕೊಡಬೇಡಿ

ಹುಬ್ಬಳ್ಳಿ-ಧಾರವಾಡದ ಫೋಟೊಗ್ರಫಿ ಗೆಳೆಯರಲ್ಲಿ ವಿನಂತಿ. ಕಪ್ಪತಗುಡ್ಡದ ಸೆರಗಿನಲ್ಲಿ ಸ್ಫಟಿಕ ಅಗೆಯುವುದನ್ನು ತೋರಿಸುತ್ತೇವೆ, ಮ್ಯಾಕ್ರೊ ಲೆನ್ಸ್ ತನ್ನಿ ಎಂದು ವಾಟ್ಸಾಪಿನಲ್ಲಿ ಕರೆ ಬಂದರೆ ಹೋಗಬೇಡಿ. ನಾನು ಹೋಗಿ ಬಂದೆ. ಅವರು ತೋರಿಸುವುದು ಮೊದಲೇ ಹೂತಿಟ್ಟ ಕಲ್ಲು, ನಮ್ಮನ್ನು ಇಳಿಸುವುದು ಕುಸಿಯುವ ಗುಂಡಿಗೆ.

ಮುಂಡರಗಿ ರಸ್ತೆ ಬಿಟ್ಟು ಒಳಗೆ, ಹೊಲದ ಬದುವಿನಾಚೆ ಒಂದು ಹಳೆಯ ಗುಂಡಿ. ಆಳು ಸಲಿಕೆ ಹಾಕಿದ್ದೇ ತಡ, ಸ್ಫಟಿಕ ಕಂಡಿತು. “ಲಗೂ ತೆಗೀರಿ ಸರ, ಬಿಸಲು ಚಲೋ ಐತಿ” ಎಂದು ಕರೆದೊಯ್ದವರು ಅವಸರಿಸಿದರು.

ತೆಗೆದ ಫೋಟೊವನ್ನು ಅಲ್ಲೇ ದೊಡ್ಡದು ಮಾಡಿ ನೋಡಿದೆ. ನಿಜವಾಗಿ ಅಗೆದು ತೆಗೆದ ಹರಳಾದರೆ ಗುರುತು ಹೀಗಿರುತ್ತದೆ. ಬೆಣಚುಕಲ್ಲಿನ ಪಟ್ಟೆಯೊಳಗೆ ಎಲ್ಲೋ ಪೊಟರೆ ಇದ್ದರೆ ಅದರಲ್ಲಿ ಹರಳು ಬೆಳೆಯುತ್ತದೆ. ಮುಂದೆ ಆ ಪೊಟರೆಯಲ್ಲಿ ಜೇಡಿಮಣ್ಣು ತುಂಬಿಕೊಂಡಿದ್ದರೆ, ಹರಳನ್ನು ಬಿದಿರ ಕಡ್ಡಿಯಿಂದ ಮೆಲ್ಲಗೆ ಬಿಡಿಸಿ ಎತ್ತಿದಾಗ ಅದರ ಮುಖಗಳ ಅಚ್ಚು ಮಣ್ಣಿನಲ್ಲಿ ಉಳಿಯುತ್ತದೆ. ಸಂದುಗೊಂದಿನಲ್ಲೆಲ್ಲ ಮಣ್ಣು ಮೆತ್ತಿರುತ್ತದೆ, ಬುಡ ಒರಟಾಗಿ ಮುರಿದಿರುತ್ತದೆ. ನನ್ನ ಫೋಟೊದಲ್ಲಿ ಇದ್ದದ್ದು ಸಡಿಲವಾದ ಒಣಮಣ್ಣು, ತೊಳೆದಷ್ಟು ಚೊಕ್ಕ ಹರಳು, ಗರಗಸದಲ್ಲಿ ಕೊಯ್ದ ಚಪ್ಪಟೆ ಬುಡ. ಇನ್ನೊಂದರ ಒಳಗೆ ದುಂಡನೆಯ ಗಾಳಿಗುಳ್ಳೆಗಳು. ಅದು ಗಾಜು.

ಎಲ್ಲಕ್ಕಿಂತ ಬೇಸರವಾಗಿದ್ದು ಪೀಚ್ ಬಣ್ಣದ ಸ್ಟಿಲ್‌ಬೈಟ್ ಮತ್ತು ಹಸಿರು ಅಪೊಫಿಲೈಟ್ ಎಂಬ ಖನಿಜಗಳ ಹರಳು ಸೇರಿದ ಗೊಂಚಲು ‘ಸಿಕ್ಕಾಗ’. ಅಂಥವು ಬರುವುದು ಮಹಾರಾಷ್ಟ್ರದ ಜಳಗಾಂವ್, ಪುಣೆ ಕಡೆಯ ಕ್ವಾರಿಗಳಿಂದ. ಸುಮಾರು 6.6 ಕೋಟಿ ವರ್ಷ ಹಿಂದಿನ ದಖ್ಖನ್ ಲಾವಾದ ಪೊಟರೆಗಳಲ್ಲಿ ಹುಟ್ಟಿದವು ಅವು. ಗದಗದ ಕಲ್ಲಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು, ಜಾತಿಯೇ ಬೇರೆ. ಇಲ್ಲಿ ಬೆಣಚುಕಲ್ಲಿನ ಪಟ್ಟೆಗಳಿವೆ ನಿಜ, ಚಿನ್ನ ಹುಡುಕಿ ಅಗೆದದ್ದೂ ಅವುಗಳಲ್ಲೇ. ಆ ಗೊಂಚಲು ಮಾತ್ರ ಇಲ್ಲಿನದಲ್ಲ. ಕೇಳಿದ್ದಕ್ಕೆ “ಗುಡ್ಡದಾಗ ಏನ್ ಬೇಕಾದ್ರೂ ಸಿಗ್ತೈತ್ರಿ” ಎಂಬ ಉತ್ತರ. ಕೊಟ್ಟ ದುಡ್ಡು ವಾಪಸ್ ಬರಲಿಲ್ಲ.

ದುಡ್ಡಿನ ಮಾತು ಹಾಗಿರಲಿ. ಗುಂಡಿ ಆಳೆತ್ತರಕ್ಕಿಂತ ಆಳ, ಗೋಡೆ ನೆಟ್ಟಗೆ, ಅಗೆದ ಮಣ್ಣೆಲ್ಲ ಅಂಚಿನ ಮೇಲೇ ರಾಶಿ. ಅಂಚಿನುದ್ದಕ್ಕೂ ಬಿರುಕು. ಬುಡ ಕೊರೆದ ಗೋಡೆಯ ಕೆಳಗೆ ಕೂತು ‘ಲೋ ಆ್ಯಂಗಲ್’ ತೆಗೆಯಿರಿ ಎಂದರು, ನಾನು ಒಲ್ಲೆ ಎಂದೆ. ಸ್ವಲ್ಪ ಹೊತ್ತಿಗೆ ಅಲ್ಲೇ ದೊಡ್ಡ ಹೆಂಟೆ ಕಳಚಿ ಬಿತ್ತು. ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ತೂಗುತ್ತದೆ. ಎದೆಮಟ್ಟ ಹೂತರೂ ಸಾಕು, ಉಸಿರಾಡಲು ಆಗುವುದಿಲ್ಲ. ನಾವು ಒಂದು ದಿನ ಹೋಗಿ ಬರುವವರು. ಆ ಆಳು ಹೆಲ್ಮೆಟ್ಟಿಲ್ಲದೆ, ಮಾಸ್ಕಿಲ್ಲದೆ ಅಲ್ಲೇ ಬೆಣಚುಕಲ್ಲು ಒಡೆಯುತ್ತಾನೆ. ಅದರ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಸಿಲಿಕೋಸಿಸ್. ಒಮ್ಮೆ ಬಂದರೆ ವಾಸಿಯಾಗದ ಶ್ವಾಸಕೋಶದ ಕಾಯಿಲೆ.

ಮುಂದಿನ ಸಲ ಗುಡ್ಡದ ಒಳಗೇ ಕರೆದೊಯ್ಯುತ್ತಾರಂತೆ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಫೋಟೊ ತೆಗೆಯಲು ಹೋಗುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಸಲಿಕೆ ಹಿಡಿದು ಹೋದರೆ ಕೇಸು ಬೀಳುವುದು ನಮ್ಮ ಮೇಲೂ.

ಈಗ ಜೊತೆಗೆ ಬಂದವರು ಗ್ರೂಪಿಗೆ ಹಾಕಿದ ಫೋಟೊಗಳನ್ನೇ ತೋರಿಸಿ ‘ಗದಗದ ಅಸಲಿ ಸ್ಫಟಿಕ’ ಎಂದು ಅವರು ಕಲ್ಲು ಮಾರುತ್ತಿದ್ದಾರೆ. ಕೆಂಪು ಮಣ್ಣಿನ ಅಂಗೈಯಲ್ಲಿ ಪೀಚ್ ಬಣ್ಣದ ಗೊಂಚಲಿನ ಚಿತ್ರ ನಿಮಗೂ ಬರಬಹುದು, ಕೊಳ್ಳಬೇಡಿ. ಮಾರುವವರನ್ನು ಎರಡು ಫೋಟೊ ಕೇಳಿ: ಕಲ್ಲು ಎತ್ತುವ ಮುಂಚಿನದು, ಎತ್ತಿದ ಮೇಲೆ ಜೇಡಿಯಲ್ಲಿ ಉಳಿದ ಅಚ್ಚಿನದು.