ಹೈದರಾಬಾದ್ ಶೋರೂಂದಾಗ ಗಾಡಿ ಮಾರ್ಲಾಕ ಬಿಡೋರು ಒಂದ್ಸಲ ಇದನ್ನ ಓದ್ರಿ

ಇದನ್ನ ಬರಿಲಾಕ ನಂಗ ನಾಚಿಕಿ ಬರ್ಲಾಕತ್ತದ, ಮೊದ್ಲೇ ಹೇಳಿಬಿಡ್ತೀನಿ. ಇಪ್ಪತ್ತು ವರ್ಷ ಆಯ್ತು ಕಲಬುರಗಿದಾಗ ತೊಗರಿ ವ್ಯಾಪಾರ ಮಾಡ್ಲಾಕತ್ತು, ಗಂಜ್‌ದಾಗ ಒಂದು ಮುಷ್ಟಿ ಕಾಳು ಅಂಗೈಮ್ಯಾಲ ಹಾಕ್ಕೊಂಡ್ರ ಹಸಿ ಎಷ್ಟದ ಕಸ ಎಷ್ಟದ ಅಂತ ಹೇಳೋ ಮನುಷ್ಯಾ ನಾನು. ಅಂಥವನಿಗೆ ಎಸಿದಾಗ ಕುಂದ್ರಿಸಿ, ಒಂದು ಕಪ್ ಚಾ ಕುಡಿಸಿ, ಟೋಪಿ ಹಾಕ್ಯಾರ. ನಮ್ಮ ಅಪ್ಪಾಜಿಗೆ ಇನ್ನೂ ಪೂರಾ ಹೇಳಿಲ್ಲ, ಗಾಡಿ ರಿಪೇರಿಗೆ ಹೋಗಿತ್ತು ಅಂತ ಅಂದೀನಿ.

ಗಾಡಿ ಆಡಿ ಟಿಟಿ, 2016ರ ಮಾಡೆಲ್, ಕೆಂಪು. 2019ಕ್ಕೆ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದಿದ್ದೆ. ಎರಡು ಲೀಟರ್ ಟರ್ಬೋ ಪೆಟ್ರೋಲ್, 230 ಹಾರ್ಸ್‌ಪವರ್, ನಾಲ್ಕೂ ಗಾಲಿಗೆ ಪವರ್ ಹೋಗ್ತದ. ಮುಂಜಾನಿ ಐದಕ್ಕೆ ಹುಮನಾಬಾದ್ ರೋಡ್ ಹಿಡಿದ್ರ ಅದರ ಮಜಾನೇ ಬ್ಯಾರೆ, ಅದನ್ನ ಈಗ ಹೇಳ್ಲಾಕ ಹೋದ್ರ ಮತ್ತ ಹೊಟ್ಟಿ ಉರಿತದ. ಆದ್ರ ಊರಾಗ ಅದನ್ನ ಇಟ್ಕೊಳ್ಳೋದು ಸುಮ್ಮನಲ್ಲರಿ. ಹಂಪ್ ಕಂಡ್ರ ಸಾಕು ಓರೆ ಮಾಡಿ ಏರಿಸ್ಬೇಕು, ಇಲ್ಲಾಂದ್ರ ತಳಾ ಕರ್ ಅಂತ ಕೆರಿತದ. ಸರ್ವಿಸ್ ಅಂದ್ರ ಹೈದರಾಬಾದ್, ಹೋಗಿ ಬರೋದೇ ಒಂದು ದಿನ. ಹಿಂದಿನ ಸೀಟ್ ಇದ್ದಂಗ ಅದ ಅಷ್ಟೇ, ಹುಡುಗ್ರು ಬೆಳದ್ರು, ಕಾಲು ಹಿಡಿಯಂಗಿಲ್ಲ. ನಮ್ಮವ್ವ ಒಮ್ಮೆ ಕುಂತ್ರ ಎಬ್ಬಿಸ್ಲಾಕ ಇಬ್ಬರು ಬೇಕು. ಕೊಟ್ಟುಬಿಡೋಣ ಅಂತ ಹೋದ ಬ್ಯಾಸಿಗ್ಯಾಗೇ ಠರಾಯಿಸಿದ್ವಿ.

ಕೊಟ್ಟು ಏನ್ ತಗೊಳ್ಳೋದು? ಅಲ್ಲೇ ನಾ ಕೆಟ್ಟೆ. ಮನಿಯಾಕಿ ಇನ್ನೋವಾ ಹೈಕ್ರಾಸ್ ಅಂತಾಳ, ಮಗ ಥಾರ್ ರಾಕ್ಸ್ ಅಂತಾನ, ಗಂಜ್‌ದಾಗ ಎಲ್ಲಾರೂ ಸಾವ್ಕಾರ್ರ ಫಾರ್ಚೂನರ್ ಬಿಟ್ಟು ಬ್ಯಾರೆ ಯಾಕ ನೋಡ್ತೀರಿ ಅಂತಾರ. ನಾ ಎಲ್ಲಾರಿಗೂ ಹೂಂ ಅಂತ ಅಂದು ರಾತ್ರಿ ಮಲ್ಕೊಂಡ ಮ್ಯಾಲ ಫೋನ್‌ದಾಗ ಪೋರ್ಷ ಕೇಮನ್ ಸ್ಪೋರ್ಟ್ಸ್ ಕಾರ್ ನೋಡ್ಕೋತ ಕೂಡ್ತಿದ್ದೆ. ಖರೇ ಹೇಳಬೇಕಲ್ಲ.

ಟಿಟಿ ಫೋಟೋ ಆನ್‌ಲೈನ್ ಹಾಕಿದ ಎರಡನೇ ದಿನಕ್ಕೇ ಹೈದರಾಬಾದಿನ ಒಂದು ಶೋರೂಂದಿಂದ ಫೋನ್ ಬಂತು. ಹೆಸರು ಹಾಕಂಗಿಲ್ಲ, ವಕೀಲರು ಬ್ಯಾಡ ಅಂದಾರ. ಮಾತಾಡಿದವ ನಮ್ಮ ಬೀದರ್ ಕಡಿಯವ, ಬಾಯಿ ತೆರೆದ್ರ ‘ಅಣ್ಣಾರ ಅಣ್ಣಾರ’. ‘ಅಣ್ಣಾರ, 24 ಲಕ್ಷ ಫೈನಲ್, ಪಾರ್ಟಿ ಕೈಯಾಗ ಅದ, ಗಾಡಿ ಒಂದು ಸಲ ಕಣ್ಣಿಲೆ ನೋಡಬೇಕಂತ, ಅಷ್ಟೇ’ ಅಂದ. ನಾ 23 ಬಂದ್ರ ಸಾಕು ಅಂತ ಮನಸಿನ್ಯಾಗ ಇಟ್ಕೊಂಡಿದ್ದೆ. ಒಬ್ಬ ಹುಡುಗನ್ನ ಕಳಿಸಿದ್ರು, ಅವ ಪೇಂಟ್ ಮೀಟರ್ ಹಿಡ್ಕೊಂಡು ಬಾನೆಟ್ಟು ಬಾಗಿಲು ಎಲ್ಲಾ ಟಿಕ್ ಟಿಕ್ ಅಂತ ತಟ್ಟಿ ನೋಡಿ ‘ಒರಿಜಿನಲ್ ಪೇಂಟ್ ಅದ ಸರ್, ಅಗದಿ ಛಲೋ ಇಟ್ಟೀರಿ’ ಅಂದ. ಅವತ್ತೇ ಸಂಜಿಗೆ 50 ಸಾವಿರ ಟೋಕನ್ ಯುಪಿಐ ಮಾಡಿದ್ರು. ಇದೇ ನೋಡ್ರಿ ಗಾಳ. ಮೋಸ ಮಾಡವ ಎಲ್ಲರ ಮೊದಲು ತಾನೇ ರೊಕ್ಕ ಕೊಡ್ತಾನೇನು, ಅಂತ ನಾನೇ ನನ್ನ ಅಳಿಯಗ ಬುದ್ಧಿ ಹೇಳಿದ್ದೆ! ಆ 50 ಸಾವಿರ ತಗೊಂಡು ಹೋಗಿ ಹೈಕ್ರಾಸ್ ಬುಕ್ಕೂ ಮಾಡಿಬಿಟ್ಟೆ, ಮನಿಯಾಕಿ ಸಮಾಧಾನ ಇರ್ಲಿ ಅಂತ.

ಸೆಪ್ಟೆಂಬರ್ 8ಕ್ಕೆ ನಾನು ಅಳಿಯ ಗಾಡಿ ತಗೊಂಡು ಹೋದ್ವಿ. ಪಾರ್ಟಿ ಇನ್ನೂ ಬಂದಿಲ್ಲ, ಟ್ರಾಫಿಕ್‌ದಾಗ ಸಿಕ್ಕಾರ ಅಂದ್ರು. ಚಾ ಬಂತು, ಉಸ್ಮಾನಿಯಾ ಬಿಸ್ಕೀಟ್ ಬಂತು. ‘ಅಲ್ಲಿತನಕ ಅಣ್ಣಾರ, ಸುಮ್ನ ಕುಂದ್ರೋದು ಯಾಕ’ ಅಂತ ಅವ ಒಳಗ ಕರ್ಕೊಂಡು ಹೋಗಿ ಒಂದು ಬಟ್ಟಿ ಸರ್ಸಿದ. ಕೆಳಗ 718 ಕೇಮನ್, ಬಿಳೀದು. ಎಂಜಿನ್ ನಡುವ ಇರ್ತದ ಅದಕ್ಕ, ಬೆನ್ನ ಹಿಂದೇ. 300 ಹಾರ್ಸ್‌ಪವರ್. ಚಾವಿ ನನ್ನ ಕೈಯಾಗೇ ಕೊಟ್ಟ. ಹದಿನೈದು ನಿಮಿಷ ಓಡಿಸಿ ಬಂದೆ, ಕೈ ನಡುಗ್ಲಾಕತ್ತಿದ್ವು, ನಗು ನಿಲ್ಲವಲ್ದು, ಹುಚ್ಚನಂಗ. ವಾಪಸ್ ಬಂದು ಕುಂತ ಕೂಡ್ಲೇ ಕಾಗದ ಮುಂದ ಇಟ್ರು. ಫಾರಂ 29, ಫಾರಂ 30, ಅಂದ್ರ ಗಾಡಿ ಬ್ಯಾರೆಯವರ ಹೆಸರಿಗೆ ಮಾಡೋ ಕಾಗದ, ಖಾಲಿ, ತಗೊಳ್ಳೋರ ಹೆಸರಿಲ್ಲ. ಅದರ ಜೋಡಿ ಇಂಗ್ಲಿಷ್‌ನ್ಯಾಗ ನಾಲ್ಕು ಪುಟದ್ದೊಂದು ಕರಾರು. ‘ಫಾರ್ಮಾಲಿಟಿ ಅಣ್ಣಾರ, ಪಾರ್ಟಿ ಬಂದ್ರ ತಡಾ ಆಗಬಾರದಲ್ಲ’. ನಾ ಏನ್ ಕೇಳಿದೆ ಗೊತ್ತದೇನು? ಕೇಮನ್‌ದು ಕೊನೆ ರೇಟ್ ಎಷ್ಟು ಅಂತ ಕೇಳಿದೆ. ಆ ಕಡೆ ಮಾತಾಡ್ಕೋತ ಈ ಕಡೆ ಸಹಿ ಹಾಕ್ಕೋತ ಹೋದೆ. ಎಷ್ಟು ಸಹಿ ಅಂತ ಎಣಿಸೂ ಇಲ್ಲ.

ಪಾರ್ಟಿ ಬರಲಿಲ್ಲ. ‘ಗಾಡಿ ಇಲ್ಲೇ ಬಿಡ್ರಿ, ನಾಳಿ ತೋರಿಸ್ತೀವಿ, ಎರಡು ದಿನದಾಗ ರೊಕ್ಕ’. ಬಿಟ್ವಿ. ಬಸ್ಸಿಗೆ ಬಂದ್ವಿ.

ಆಮ್ಯಾಲ ಶುರು ಆಯ್ತು ನೋಡ್ರಿ. ಎರಡು ದಿನ ಬಿಟ್ಟು ಫೋನ್ ಮಾಡಿದ್ರ ಪಾರ್ಟಿ ದುಬೈಗೆ ಹೋಗ್ಯಾರ. ಮುಂದಿನ ವಾರ ಪಾರ್ಟಿ ಮನ್ಯಾಗ ಮದುವಿ. ಅದರ ಮುಂದಿನ ವಾರ, ಅಂದ್ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳೀತಲ್ಲ, ಅದನ್ನ ಹಿಡ್ಕೊಂಡ. ‘ಅಣ್ಣಾರ, ದೊಡ್ಡ ಗಾಡಿಗೆ ಸೆಸ್ ಕೂಡಿ 50ರ ತನಕ ಇತ್ತು, ಈಗ 40 ಆಗ್ಯದ, ಹೊಸಾದೇ ಸಸ್ತಾ ಆದ್ರ ಹಳೇದಕ್ಕ ಯಾರ್ ಕೊಡ್ತಾರ್ರಿ, ಪಾರ್ಟಿ 21 ಅನ್ನಲಾಕತ್ತಾರ’. ನಾ ಹೌದಲ್ಲ ಅಂತ ಸುಮ್ಮನಾದೆ. ಫೋನ್ ಇಟ್ಟು ಅರ್ಧಾ ತಾಸಿನ ಮ್ಯಾಲ ಹೊಳೀತು, ಎಲಾ ಇವನ, ಟಿಟಿ ತಯಾರ್ ಮಾಡೋದೇ ಕಂಪನಿ 2023ಕ್ಕೆ ಬಂದ್ ಮಾಡ್ಯದ, ಹೊಸಾದು ಎಲ್ಲಿಂದ ಸಸ್ತಾ ಸಿಗ್ತದ? ತಿರುಗಿ ಹಚ್ಚಿದ್ರ ಎತ್ತಲಿಲ್ಲ. ಎದ್ದು ಹೋಗೋಣ ಅಂದ್ರ ಆವಾಗೇ ಭೀಮಾ ಉಕ್ಕಿ ಬಂತು, ನಮ್ಮ ಮಾವನ ಹೊಲ ಪೂರಾ ನೀರಾಗ, ಗಾಡಿ ವಿಚಾರ ಯಾರು ಮಾಡ್ತಾರ ಅಂಥದ್ರಾಗ.

ಅಕ್ಟೋಬರ್‌ದಾಗ ಒಂದು ದಿನ ಮುಂಜಾನಿ ಎದ್ದು ಫೋನ್ ನೋಡ್ತೀನಿ, ಫಾಸ್ಟ್ಯಾಗ್ ಮೆಸೇಜ್. ರಾಯಕಲ್ ಟೋಲ್, ರಾತ್ರಿ 1 ಗಂಟೆ 20 ನಿಮಿಷ. ಶಾದನಗರ ಹತ್ರದ್ದು, ಬೆಂಗಳೂರು ರೋಡಿಂದು. ಅದರ ಮ್ಯಾಲ ಇನ್ನೊಂದು, ಅದೇ ಟೋಲ್, 4 ಗಂಟೆ 40. ಶೋರೂಂದಾಗ ಬಟ್ಟಿ ಹೊಚ್ಚಿ ನಿಲ್ಲಿಸಿದ ಗಾಡಿ ನಡುರಾತ್ರಿ ಟೋಲ್ ಯಾಕ ದಾಟ್ತದ? ಫೋನ್ ಹಚ್ಚಿದೆ.

‘ಟೆಸ್ಟ್ ಡ್ರೈವ್ ಇತ್ತಣ್ಣಾರ.’

‘ರಾತ್ರಿ ಒಂದಕ್ಕೇನೋ?’

‘ಪಾರ್ಟಿ ಹಗಲಹೊತ್ತು ಬಿಜಿ ಇರ್ತಾರ್ರಿ.’

ಏನ್ ಅನ್ನಬೇಕು ಇದಕ್ಕ! ನಗಬೇಕೋ ಅಳಬೇಕೋ. ನಾಲ್ಕು ದಿನಕ್ಕ ತೆಲಂಗಾಣ ಪೊಲೀಸರ ಚಲಾನ್ ಬಂತು, ಓವರ್‌ಸ್ಪೀಡ್, 1,035 ರೂಪಾಯಿ, ಜೋಡಿಗೆ ಫೋಟೋ. ಹಿಂದಿನಿಂದ ತೆಗೆದದ್ದು. ಹಿಂದಿನ ಗಾಜಿನ ಮೂಲ್ಯಾಗ ಶರಣಬಸಪ್ಪನ ಸ್ಟಿಕ್ಕರ್ ಕಾಣ್ತದ, ಜಾತ್ರ್ಯಾಗ ನಮ್ಮವ್ವ ತಂದು ತಾನೇ ಕೈಲೆ ಹಚ್ಚಿದ್ದು, ಒಂದು ತುದಿ ಎದ್ದದ. ಆ ಎದ್ದ ತುದಿ ಸೈತ ಫೋಟೋದಾಗ ಕಾಣ್ತದರಿ. ಅದನ್ನ ನೋಡಿ ನಂಗ ಹೊಟ್ಯಾಗ ಏನೋ ಆಯ್ತು. ನನ್ನ ಗಾಡಿ ಯಾರಿಗೋ ಬಾಡಿಗಿಗಿ ಕೊಟ್ಟಾರೋ, ಇಲ್ಲ ಅವನ ದೋಸ್ತರೇ ಓಡಿಸ್ಯಾರೋ, ಇವತ್ತಿಗೂ ಖಾತ್ರಿ ಇಲ್ಲ. ವಕೀಲರು ಹೇಳಿದ್ದು ಕೇಳಿ ಮತ್ತೂ ನಡುಕ ಬಂತು: ಆರ್‌ಸಿದಾಗ ಯಾರ ಹೆಸರು ಅದ ಅವರೇ ಮಾಲೀಕರು ಅಂತ ಸುಪ್ರೀಂ ಕೋರ್ಟ್ 2018ಕ್ಕೇ ಹೇಳ್ಯದಂತ, ಆ ರಾತ್ರಿ ಯಾರಿಗರ ಗುದ್ದಿದ್ರ ಪರಿಹಾರದ ಕೇಸು ನನ್ನ ಬಾಗಿಲಿಗೇ ಬರ್ತಿತ್ತು.

ಅಕ್ಟೋಬರ್ 17, ದೀಪಾವಳಿ ಮೂರು ದಿನ ಇತ್ತು, ಅಳಿಯನ್ನ ಕರ್ಕೊಂಡು ಹೋದೆ. ಅಣ್ಣಾರ ಅನ್ನವ ಅವತ್ತು ‘ಸರ್’ ಅನ್ಲಾಕತ್ತ. 18 ಲಕ್ಷಕ್ಕ ಬಂದು ನಿಂತ. ಯಾಕೋ ಅಂದ್ರ ಕೈಬೆರಳು ಮಡಚಿ ಎಣಿಸಿದ. ಹಿಂದಿನ ಟೈರ್ ಸವದಾವ, ಬಂಪರ್ ತಳಾ ಕೆರದದ, ಗೇರ್‌ಬಾಕ್ಸ್ ಜರ್ಕ್ ಕೊಡ್ತದ, ‘ಮತ್ತ ಕಿಲೋಮೀಟರ್ ಜಾಸ್ತಿ ಆಗ್ಯದ ಸರ್, 44 ಸಾವಿರ ದಾಟ್ಯದ’.

ಅಳಿಯ ಬಿಡೋ ದಿನ ಸುಮ್ನ ಚಟಕ್ಕ ಮೀಟರ್ ಫೋಟೋ ಹೊಡ್ದಿದ್ದ. 41,260. ಈಗ ಮೀಟರ್‌ದಾಗ 44,075. ಅವರೇ 2,815 ಕಿಲೋಮೀಟರ್ ಓಡಿಸಿ, ಅವರೇ ಟೈರ್ ಸವಿಸಿ, ಓಡ್ಯದ ಅಂತ ಅವರೇ ರೇಟ್ ಕಡಿತಾರ! ಫೋಟೋ ಮುಖಕ್ಕ ಹಿಡದ್ರ ಏನಂದ ಅಂತೀರಿ? ‘ಈ ಫೋಟೋ ಯಾವಾಗಿಂದೋ ಯಾರಿಗ್ಗೊತ್ತು ಸರ್.’ ಇದನ್ನ ಅನ್ನೋವಾಗ ಮುಖದಾಗ ಒಂದು ಗೆರಿ ಅಲುಗಲಿಲ್ಲ. ನಂಗ ಸಿಟ್ಟಿಗಿಂತ ನಾಚಿಕಿ ಜಾಸ್ತಿ ಆಯ್ತು, ಪಕ್ಕದಾಗ ಒಬ್ಬ ಹೊಸ ಗಿರಾಕಿ ಅದೇ ಉಸ್ಮಾನಿಯಾ ಬಿಸ್ಕೀಟ್ ತಿಂದ್ಕೋತ ಕುಂತಿದ್ದ.

ಗಾಡಿ ವಾಪಸ್ ಕೊಡು ಅಂದೆ. ಆವಾಗ ಆ ನಾಲ್ಕು ಪುಟದ ಕರಾರು ಹೊರಗ ಬಂತು. ಮೂರನೇ ಪುಟ, ಇರುವೆ ಕಾಲಿನಂಥ ಅಕ್ಷರ, 90 ದಿನದೊಳಗ ಮಾಲೀಕ ವಾಪಸ್ ತಗೊಂಡ್ರ ದಿನಕ್ಕ ಸಾವಿರದಂಗ ಪಾರ್ಕಿಂಗ್, ಮತ್ತ ಡಿಟೇಲಿಂಗ್ ಖರ್ಚು. 39 ದಿನಕ್ಕ 39 ಸಾವಿರ, ಪಾಲಿಶ್ ಗೀಲಿಶ್ ಅಂತ 26 ಸಾವಿರ, ಒಟ್ಟು 65 ಸಾವಿರ, ಮ್ಯಾಲ ಟೋಕನ್ 50 ಸಾವಿರ ವಾಪಸ್. ಜಗಳಾಡಿದೆ, ಅಳಿಯ ಮೇಜು ಕುಟ್ಟಿದ, ಕಡೀಕ ಕೊಟ್ಟೇ ಬಂದೆ. ಖಾಲಿ ಫಾರಂ ಮಾತ್ರ ವಾಪಸ್ ಇಸ್ಕೊಂಡು ಅಲ್ಲೇ ಹರದೆ. ಝಹೀರಾಬಾದ್ ತನಕ ಇಬ್ಬರೂ ಒಂದು ಮಾತಾಡಲಿಲ್ಲ. ಗೇರ್ ಖರೇನೇ ಜರ್ಕ್ ಕೊಡ್ಲಾಕತ್ತಿತ್ತು.

ಮನಿಯಾಕಿಗೆ ಕೇಮನ್ ವಿಚಾರ ಅಳಿಯ ಬಾಯಿಬಿಟ್ಟ. ಆಕಿ ಬೈಯಲಿಲ್ಲ. ‘ನಾಲ್ಕು ಸೀಟಿಂದು ಸಣ್ಣದಾಯ್ತಂತ ಎರಡು ಸೀಟಿಂದು ನೋಡ್ಲಾಕ ಹೋಗಿದ್ರೇನು?’ ಅಂತ ಕೇಳಿ ಒಳಗ ಹೋದ್ಳು. ಬೈದಿದ್ರ ಬೇಸಿತ್ತು.

ಈಗ ಯಾರರ ಮಾರಾವ್ರಿದ್ರ ಕೇಳ್ರಿ. ಖಾಲಿ ಫಾರಂ 29, 30ಕ್ಕ ಸಹಿ ಹಾಕಬ್ಯಾಡ್ರಿ, ಯಾರೇ ಅಣ್ಣಾರ ಅನ್ಲಿ. 2023ರ ಏಪ್ರಿಲ್‌ದಿಂದ ನಿಯಮ ಬಂದದ, ಹಳೇ ಗಾಡಿ ಡೀಲರ್ ಹತ್ರ ಆರ್‌ಟಿಓ ಕೊಟ್ಟ ಫಾರಂ 29ಬಿ ಸರ್ಟಿಫಿಕೇಟ್ ಇರಬೇಕು, ಗಾಡಿ ಅವರ ಕೈಗೆ ಕೊಡೋವಾಗ ಫಾರಂ 29ಸಿ ಆನ್‌ಲೈನ್ ಹಾಕಬೇಕು, ಹಾಕಿದ ಮ್ಯಾಲ ಜವಾಬ್ದಾರಿ ಅವರದು, ಟ್ರಯಲ್ಲು ರಿಪೇರಿ ಬಿಟ್ಟು ಬ್ಯಾರೆದಕ್ಕ ಓಡಿಸಂಗಿಲ್ಲ. ನಂಗ ಇದು ಗೊತ್ತೇ ಇರಲಿಲ್ಲ, ಗೊತ್ತಿದ್ರ ಅಲ್ಲೇ ಕೇಳ್ತಿದ್ದೆ, ಅವನ ಮುಖ ನೋಡಬೇಕಿತ್ತು. ಮೀಟರ್ ಫೋಟೋ ತೆಗಿರಿ, ಅದೂ ಅವರ ಮನಷಾನ್ನ ಪಕ್ಕ ನಿಲ್ಲಿಸಿ ತೆಗಿರಿ. ಫಾಸ್ಟ್ಯಾಗ್ ಬಂದ್ ಮಾಡ್ರಿ ಅಂತ ಎಲ್ಲಾರೂ ಹೇಳ್ತಾರ, ಆದ್ರ ನಾ ಬಂದ್ ಮಾಡಿದ್ರ ಈ ಕಳ್ಳತನ ಗೊತ್ತೇ ಆಗ್ತಿರಲಿಲ್ಲ, ಹಿಂಗಾಗಿ ಅದರಾಗ ನಾ ಏನೂ ಹೇಳಂಗಿಲ್ಲ. ಮತ್ತ ಹಳೇ ಗಾಡಿ ಮಾರ್ಲಾಕ ಹೋದ ಜಾಗದಾಗ ಹೊಸ ಗಾಡಿ ಚಾವಿ ಮುಟ್ಟಬ್ಯಾಡ್ರಿ.

ಟಿಟಿ ಈಗ ಕಪನೂರ್‌ದಾಗ ನಮ್ಮ ಮಿಲ್ಲಿನ ಶೆಡ್ಡಿನ್ಯಾಗ ನಿಂತದ, ಕೆಂಪು ಬಣ್ಣದ ಮ್ಯಾಲ ಬ್ಯಾಳಿ ಧೂಳು ಕುಂತು ಅರಶಿಣ ಹಚ್ಚಿದಂಗ ಕಾಣ್ತದ. ಸೊಲ್ಲಾಪುರದ ಒಬ್ಬರು ಹತ್ತೊಂಬತ್ತೂವರಿ ಅಂದಾರ, ಬ್ಯಾಂಕ್‌ದಾಗ ಎದುರಾಬದುರ ಕುಂತು ಆರ್‌ಟಿಜಿಎಸ್ ಜಮಾ ಆದ ಮ್ಯಾಲೇ ಚಾವಿ ಅಂತ ಹೇಳೀನಿ, ಅವರೂ ಒಪ್ಯಾರ. ಹೈಕ್ರಾಸ್ ಬುಕಿಂಗ್ ಹಂಗೇ ಇಟ್ಟೀನಿ, ಬಣ್ಣ ಮನಿಯಾಕಿನೇ ಆರಿಸ್ಯಾಳ, ನಂಗ ಕೇಳಿಲ್ಲ.

ನಿನ್ನೆ ಮಧ್ಯಾಹ್ನ ಊಟಕ್ಕ ಕುಂತಾಗ ಬ್ಯಾರೆ ನಂಬರ್‌ದಿಂದ ಒಂದು ವಾಟ್ಸಾಪ್ ಬಂತು, ಬಿಳಿ ಕೇಮನ್ ಫೋಟೋ, ಕೆಳಗ ‘ಅಣ್ಣಾರ, ಇನ್ನೂ ಅದ, ನಿಮಗಂತೇ ಹಿಡಿದಿಟ್ಟೀನಿ’.