“ಮುಟ್ಟಾದ ಮೇಲೆ ಬನ್ನಿ” ಅಂದರೆ ಎದ್ದು ಬರಬೇಡಿ

ಹೆರಿಗೆಯ ನಂತರ ಗರ್ಭನಿರೋಧಕ ಕೇಳಿ ಹೋದ ಒಬ್ಬ ತಾಯಿಯ ಕತೆ ಇದು. ಹೆಸರು, ಊರು ಬಿಟ್ಟು ಹೇಳುತ್ತೇವೆ. ಇದೇ ದಾರಿಯಲ್ಲಿ ಎಡವಿದವರು ಒಬ್ಬಿಬ್ಬರಲ್ಲ.

ಮೊದಲ ಹೆರಿಗೆ ಸಿಸೇರಿಯನ್. ಆರನೇ ವಾರದ ತಪಾಸಣೆಗೆ ಹೋದಾಗ ತಾಯಿಯೇ ಬಾಯಿಬಿಟ್ಟು ಕೇಳಿದಳು: ಇನ್ನೆರಡು ವರ್ಷ ಮಗು ಬೇಡ, ಕಾಪರ್-ಟಿ ಹಾಕುತ್ತೀರಾ? “ಮುಟ್ಟಾಗಿದೆಯಾ? ಇಲ್ವಾ? ಹಾಗಾದ್ರೆ ಮುಟ್ಟಾದ ಮೇಲೆ ಬನ್ನಿ” ಅಂದರು ಆಸ್ಪತ್ರೆಯವರು. ಸರಿ ಅಂತ ಎದ್ದು ಬಂದಳು. ನಾಲ್ಕನೇ ತಿಂಗಳಿಗೆ ರಾತ್ರಿ ಹೊತ್ತು ಬಾಟಲಿ ಹಾಲು ಶುರುವಾಯಿತು, ಆರು ತುಂಬುತ್ತಲೇ ಮೇಲಿನ ಆಹಾರ. ಮುಟ್ಟು ಮಾತ್ರ ಬರಲಿಲ್ಲ. ಹಾಲೂಡಿಸುತ್ತಿದ್ದೇನಲ್ಲ, ಅದಕ್ಕೇ ಇರಬೇಕು ಅಂದುಕೊಂಡಳು. ಮಗುವಿಗೆ ಒಂಬತ್ತು ತಿಂಗಳಾದಾಗ ವಾಕರಿಕೆ, ಸುಸ್ತು. ಎರಡು ವಾರ ಅಸಿಡಿಟಿ ಮಾತ್ರೆ ನುಂಗಿದ ಮೇಲೆ ಸ್ಕ್ಯಾನ್ ಮಾಡಿಸಿದರೆ 14 ವಾರದ ಗರ್ಭ!

ಲೆಕ್ಕ ಹಾಕಿ ನೋಡಿ. ಸ್ಕ್ಯಾನಿನ 14 ವಾರದಲ್ಲಿ ಮೊದಲ ಎರಡು ವಾರ ಬರೀ ಲೆಕ್ಕಕ್ಕೆ ಸೇರಿದ್ದು, ಗರ್ಭ ನಿಂತು 12 ವಾರ. ಅಂದರೆ ಮಗುವಿಗೆ ಆರು ತಿಂಗಳು ದಾಟುತ್ತಿದ್ದಂತೆ ಗರ್ಭ ನಿಂತಿದೆ. ಎರಡು ಹೆರಿಗೆಗಳ ನಡುವೆ ಹದಿನೈದು ತಿಂಗಳು ಸಿಕ್ಕರೆ ಹೆಚ್ಚು. ಸಿಸೇರಿಯನ್ ಆದವರಲ್ಲಿ ಈ ಅಂತರ 18 ತಿಂಗಳಿಗಿಂತ ಕಡಿಮೆಯಾದರೆ ಮುಂದಿನ ಹೆರಿಗೆ ನೋವಿನಲ್ಲಿ ಗರ್ಭಕೋಶದ ಹಳೇ ಹೊಲಿಗೆ ಬಿಚ್ಚಿಕೊಳ್ಳುವ ಅಪಾಯ ಹೆಚ್ಚು. ರಕ್ತಹೀನತೆ, ದಿನ ತುಂಬುವ ಮೊದಲೇ ಹೆರಿಗೆ, ಕಡಿಮೆ ತೂಕದ ಮಗು, ಇವು ಬೇರೆ. ಹೆರಿಗೆಯಾದ ಮೇಲೆ ಮತ್ತೆ ಬಸಿರಾಗಲು ಕನಿಷ್ಠ 24 ತಿಂಗಳು ಬಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ.

ತಪ್ಪಿನ ಬೇರು ಒಂದೇ ನಂಬಿಕೆ: ಮುಟ್ಟು ಬಂದ ಮೇಲೇ ಗರ್ಭ ನಿಲ್ಲುವುದು ಅನ್ನುವುದು. ಆಗುವುದು ತಿರುಗುಮುರುಗು. ಮೊದಲು ಅಂಡಾಣು ಬಿಡುಗಡೆಯಾಗುತ್ತದೆ, ಗರ್ಭ ನಿಲ್ಲದಿದ್ದರೆ ಸುಮಾರು ಎರಡು ವಾರ ಬಿಟ್ಟು ಮುಟ್ಟು ಬರುತ್ತದೆ. ಹೆರಿಗೆಯ ನಂತರದ ಮೊದಲ ಅಂಡಾಣುವಿಗೇ ಗರ್ಭ ನಿಂತರೆ ಮುಟ್ಟನ್ನು ನೋಡುವ ಮಾತೇ ಇಲ್ಲ. ಎದೆಹಾಲು ಕೊಡದ ತಾಯಿಗೆ ನಾಲ್ಕನೇ ವಾರದಲ್ಲೇ ಅಂಡಾಣು ಬಿಡುಗಡೆಯಾಗಬಹುದು. ಆಕೆಗೆ 21ನೇ ದಿನದಿಂದಲೇ ರಕ್ಷಣೆ ಬೇಕು.

ಹಾಗಂತ ಎದೆಹಾಲಿನ ಭರವಸೆ ಸುಳ್ಳಲ್ಲ, ಷರತ್ತು ಬಿಟ್ಟು ನಂಬುವುದು ತಪ್ಪು. 1988ರಲ್ಲಿ ಇಟಲಿಯ ಬೆಲ್ಲಾಜಿಯೊದಲ್ಲಿ ಸೇರಿದ ತಜ್ಞರು ಇದನ್ನು ಸ್ಪಷ್ಟವಾಗಿ ಹೇಳಿದರು. ಮುಟ್ಟು ಮರಳಿರಬಾರದು, ಮಗುವಿಗೆ ಆರು ತಿಂಗಳು ತುಂಬಿರಬಾರದು, ಮಗು ಪೂರ್ತಿ ಇಲ್ಲವೇ ಹೆಚ್ಚುಕಡಿಮೆ ಪೂರ್ತಿ ಎದೆಹಾಲಿನಲ್ಲೇ ಇರಬೇಕು. ಮೂರೂ ಒಟ್ಟಿಗೆ ಇದ್ದಷ್ಟು ದಿನ ರಕ್ಷಣೆ ಶೇ. 98ಕ್ಕಿಂತ ಹೆಚ್ಚು, ಮಾತ್ರೆಗೇನೂ ಕಡಿಮೆಯಿಲ್ಲ. ಒಂದು ತಪ್ಪಿದರೂ ಅವತ್ತಿಗೇ ಮುಗಿಯಿತು. ಹಗಲಲ್ಲಿ ನಾಲ್ಕು ಗಂಟೆ, ರಾತ್ರಿ ಆರು ಗಂಟೆಗಿಂತ ಹೆಚ್ಚು ಬಿಡುವು ಕೊಡಬಾರದು. ಅಂಡಾಶಯವನ್ನು ತಡೆದು ಹಿಡಿದಿರುವುದು ಹಾಲಲ್ಲ, ಮಗು ಮೊಲೆ ಚೀಪಿದಾಗ ಮಿದುಳಿಗೆ ಹೋಗುವ ಸೂಚನೆ. ರಾತ್ರಿ ಬಾಟಲಿ ಬಂದ ದಿನವೇ ಆ ಸೂಚನೆ ಅರ್ಧಕ್ಕೆ ಕಡಿಯುತ್ತದೆ. ಪಂಪ್ ಮಾಡಿಟ್ಟ ಹಾಲು ತಾಯಿಯದೇ ಆದರೂ ಈ ವಿಷಯದಲ್ಲಿ ಚೀಪುವುದಕ್ಕೆ ಸಮವಲ್ಲ. ಇನ್ನೊಂದು ಗೊಂದಲ: ಮೊದಲ 56 ದಿನದೊಳಗಿನ ರಕ್ತಸ್ರಾವವನ್ನು ಮುಟ್ಟು ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಮೇಲೆ ಎರಡು ದಿನ ಸತತ ರಕ್ತ ಕಂಡರೆ ಮುಟ್ಟು ಮರಳಿತು ಅಂತಲೇ ತಿಳಿಯಬೇಕು.

ಇನ್ನು “ಮುಟ್ಟಾದ ಮೇಲೆ ಬನ್ನಿ” ಅಂದವರ ವಿಷಯ. ಅವರ ಅಳುಕು ಅರ್ಥವಾಗುತ್ತದೆ: ಈಗಾಗಲೇ ಗರ್ಭ ನಿಂತಿದ್ದರೆ ಕಾಪರ್-ಟಿ ಹಾಕುವಂತಿಲ್ಲ. ಆದರೆ ಅದನ್ನು ತಿಳಿಯಲು ಮುಟ್ಟೇ ಸಾಕ್ಷಿಯಾಗಬೇಕಿಲ್ಲ. ಆರು ಪ್ರಶ್ನೆಗಳ ಪಟ್ಟಿಯೊಂದು ಬಹಳ ವರ್ಷಗಳಿಂದ ಬಳಕೆಯಲ್ಲಿದೆ. ನಾಲ್ಕು ವಾರದೊಳಗೆ ಹೆರಿಗೆಯಾಗಿದೆಯೇ? ಮಗು ಆರು ತಿಂಗಳೊಳಗಿದ್ದು, ಎದೆಹಾಲನ್ನೇ ಕುಡಿಯುತ್ತಿದ್ದು, ಮುಟ್ಟು ಮರಳಿಲ್ಲವೇ? ಹೆರಿಗೆಯಿಂದ ಅಥವಾ ಕಳೆದ ಮುಟ್ಟಿನಿಂದ ಈಚೆಗೆ ಗಂಡ-ಹೆಂಡತಿ ಕೂಡಿಲ್ಲವೇ? ಕಳೆದ ಏಳು ದಿನದಲ್ಲಿ (ಕಾಪರ್-ಟಿಗಾದರೆ 12 ದಿನದಲ್ಲಿ) ಮುಟ್ಟು ಶುರುವಾಗಿದೆಯೇ? ಅಷ್ಟೇ ಅವಧಿಯಲ್ಲಿ ಗರ್ಭಪಾತವಾಗಿದೆಯೇ? ಬೇರೆ ನಂಬಿಕಸ್ತ ವಿಧಾನವನ್ನು ತಪ್ಪದೆ ಬಳಸುತ್ತಿದ್ದಾರೆಯೇ? ಬಸಿರಿನ ಲಕ್ಷಣ ಇಲ್ಲದೆ, ಯಾವುದಾದರೂ ಒಂದಕ್ಕೆ “ಹೌದು” ಬಂದರೆ ಸಾಕು, ಗರ್ಭವಿಲ್ಲ ಅಂತ ಧೈರ್ಯವಾಗಿ ಮುಂದುವರಿಯಬಹುದು. ನಮ್ಮ ಕತೆಯ ತಾಯಿ ಆರನೇ ವಾರದಲ್ಲಿ ಎರಡನೆಯ ಪ್ರಶ್ನೆಗೇ “ಹೌದು” ಅನ್ನುತ್ತಿದ್ದಳು. ಕಾಪರ್-ಟಿಯನ್ನು ಹೆರಿಗೆಯಾದ ನಾಲ್ಕು ವಾರದ ನಂತರ ಯಾವತ್ತು ಬೇಕಾದರೂ ಹಾಕಬಹುದು, ಅವತ್ತೇ ಹಾಕಬಹುದಿತ್ತು. ಆರಕ್ಕೂ “ಇಲ್ಲ” ಬಂದರೂ ಬರಿಗೈಯಲ್ಲಿ ಕಳಿಸುವುದಲ್ಲ: ಮೂತ್ರ ಪರೀಕ್ಷೆ ಮಾಡಿ, ಕಾಂಡೋಮ್ ಕೈಗಿತ್ತು, ನಾಲ್ಕು ವಾರಕ್ಕೆ ಮತ್ತೆ ಪರೀಕ್ಷೆಗೆ ಬರುವ ತಾರೀಖು ಬರೆದುಕೊಡಬೇಕು.

ನಿಜ ಹೇಳಬೇಕೆಂದರೆ ಅವಕಾಶ ಅದಕ್ಕೂ ಮೊದಲೇ ತಪ್ಪಿತ್ತು. ಸಿಸೇರಿಯನ್ನಿನಲ್ಲಿ ಮಾಸು ತೆಗೆದ ಮೇಲೆ ಗರ್ಭಕೋಶ ಹೊಲಿಯುವ ಮುಂಚೆ ಅದೇ ಕೊಯ್ತದ ಮೂಲಕ ಕಾಪರ್-ಟಿಯನ್ನು ಮೇಲ್ಭಾಗದಲ್ಲಿ ಇಟ್ಟು ಬರಬಹುದು. ಸಹಜ ಹೆರಿಗೆಯಲ್ಲಾದರೆ ಮಾಸು ಬಿದ್ದ 10 ನಿಮಿಷದೊಳಗೆ ಹಾಕುವುದು ಒಳ್ಳೆಯದು, ತಪ್ಪಿದರೆ 48 ಗಂಟೆಯೊಳಗೆ. 48 ಗಂಟೆ ದಾಟಿತೋ, ನಾಲ್ಕು ವಾರ ಕಾಯಬೇಕು. ಗರ್ಭಚೀಲದ ನೀರು ಒಡೆದು 18 ಗಂಟೆ ಮೀರಿದ್ದರೆ, ಜ್ವರ ಅಥವಾ ಸೋಂಕು ಇದ್ದರೆ, ರಕ್ತಸ್ರಾವ ಹತೋಟಿಗೆ ಬಂದಿಲ್ಲದಿದ್ದರೆ ಆ ಹೊತ್ತಿಗೆ ಹಾಕಬಾರದು. ಇದಕ್ಕೆಲ್ಲ ಒಪ್ಪಿಗೆ ಪಡೆಯಬೇಕಾದದ್ದು ಬಸುರಿ ತಪಾಸಣೆಗಳಲ್ಲಿ, ಸಾವಧಾನವಾಗಿ. ನೋವು ಏರಿದ ಹೊತ್ತಲ್ಲಿ ಕಾಗದ ಮುಂದಿಟ್ಟು ಸಹಿ ಹಾಕಿಸಿಕೊಂಡರೆ ಅದನ್ನು ಒಪ್ಪಿಗೆ ಅನ್ನಲಾಗದು. ಕೇಳದೆಯೇ ಹಾಕಿಬಿಡುವುದಂತೂ ಸೇವೆಯಲ್ಲ, ಅಪರಾಧ.

ಹೆರಿಗೆಯಾದ ಕೂಡಲೇ ಹಾಕಿದ ಕಾಪರ್-ಟಿ ಬಗ್ಗೆ ಒಂದು ಎಚ್ಚರಿಕೆಯನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಅದು ತಾನಾಗಿ ಜಾರಿ ಬೀಳುವ ಸಂಭವ ಹತ್ತರಲ್ಲಿ ಒಂದರಷ್ಟಿದೆ. ಆರು ವಾರದ ಮೇಲೆ ಹಾಕಿದ್ದಕ್ಕಿಂತ ಇದು ಎಷ್ಟೋ ಹೆಚ್ಚು. ಹೆರಿಗೆಯಾದ ಗರ್ಭಕೋಶ ಹೊಕ್ಕುಳ ಮಟ್ಟದವರೆಗೆ ಇರುತ್ತದೆ. ಕಾಪರ್-ಟಿ ಹಾಕುವ ಮಾಮೂಲಿ ಕೊಳವೆ ಅಷ್ಟು ಮೇಲಕ್ಕೆ ಮುಟ್ಟದು. ಉದ್ದನೆಯ ಬಾಗಿದ ಫೋರ್ಸೆಪ್ಸ್ (ಇಕ್ಕಳ) ಬೇಕು. ಒಂದು ಕೈ ಹೊಟ್ಟೆಯ ಮೇಲಿಟ್ಟು, ಒಳಗಿನ ಇಕ್ಕಳದ ತುದಿ ಗರ್ಭಕೋಶದ ನೆತ್ತಿಗೆ ತಾಗಿದ್ದನ್ನು ಆ ಕೈಯಲ್ಲಿ ಅನುಭವಿಸಿಯೇ ಬಿಡಬೇಕು. ಇಕ್ಕಳ ಹೊರಗೆಳೆಯುವಾಗ ಬಾಯಿ ಸ್ವಲ್ಪ ತೆರೆದಿರಬೇಕು, ಇಲ್ಲದಿದ್ದರೆ ಕಾಪರ್-ಟಿಯೂ ಜೊತೆಗೇ ಕೆಳಗೆ ಬರುತ್ತದೆ. ಅರ್ಧದಲ್ಲಿ ಬಿಟ್ಟದ್ದು ಗರ್ಭಕೋಶ ಕುಗ್ಗುತ್ತಿದ್ದಂತೆ ಹೊರಕ್ಕೆ ಜಾರುತ್ತದೆ, ಸ್ರಾವದ ಜೊತೆ ಪ್ಯಾಡಿಗೆ ಬಿದ್ದರೆ ಗೊತ್ತೂ ಆಗುವುದಿಲ್ಲ.

ಆದ್ದರಿಂದ ಆರನೇ ವಾರದಲ್ಲಿ ಕಾಪರ್-ಟಿಯ ತುದಿಯ ದಾರ ಕಾಣುತ್ತದೆಯೇ ಅಂತ ನೋಡಿಸಲೇಬೇಕು. ಕಾಣದಿದ್ದರೆ “ಮೇಲಕ್ಕೆ ಹೋಗಿರಬೇಕು” ಅನ್ನುವ ಊಹೆ ಬೇಡ. ಸಿಸೇರಿಯನ್ನಿನಲ್ಲಿ ಹಾಕಿದ್ದರ ದಾರ ಎಷ್ಟೋ ಸಲ ಕೆಳಗಿಳಿಯುವುದೇ ಇಲ್ಲ ನಿಜ, ಆದರೆ ಅದು ಸ್ಥಾನದಲ್ಲಿದೆಯೋ ಬಿದ್ದಿದೆಯೋ ಅಂತ ಹೇಳಬೇಕಾದದ್ದು ಸ್ಕ್ಯಾನ್. ಅಲ್ಲಿಯವರೆಗೆ ಕಾಂಡೋಮ್.

ಮಾತ್ರೆಯಲ್ಲಿ ಆಗುವ ಅನಾಹುತ ಬೇರೆ ಬಗೆಯದು. ಅಂಗಡಿಯಲ್ಲಿ “ಗರ್ಭ ನಿಲ್ಲದ ಮಾತ್ರೆ” ಅಂತ ಕೇಳಿದರೆ ಸಾಮಾನ್ಯವಾಗಿ ಕೈಗೆ ಸಿಗುವುದು ಎರಡು ಹಾರ್ಮೋನಿನದು. ಅದರಲ್ಲಿರುವ ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿಸುತ್ತದೆ, ಬಾಣಂತಿಯ ರಕ್ತದಲ್ಲಿ ಆ ಗುಣ ಮೊದಲೇ ಹೆಚ್ಚು. ಎದೆಹಾಲು ಕೊಡುವವರು ಮೊದಲ ಆರು ವಾರ ಇದನ್ನು ಮುಟ್ಟಲೇಬಾರದು, ಆರು ತಿಂಗಳವರೆಗೂ ಬೇರೇನೂ ಒಗ್ಗದಿದ್ದರೆ ಮಾತ್ರ. ಹಾಲು ಕೊಡದವರೂ ಮೂರು ವಾರ ಕಾಯಬೇಕು, ಸಿಸೇರಿಯನ್ ಆಗಿದ್ದರೆ ಅಥವಾ ಮೈ ತೂಕ ತುಂಬಾ ಇದ್ದರೆ ಆರು ವಾರ. ಪ್ರೊಜೆಸ್ಟಿನ್ ಎಂಬ ಒಂದೇ ಹಾರ್ಮೋನ್ ಇರುವ ಮಾತ್ರೆ ಹಾಲೂಡಿಸುವವರಿಗೂ ಆಗುತ್ತದೆ. ಆದರೆ ಅದಕ್ಕೆ ಗಡಿಯಾರದ ಶಿಸ್ತು ಬೇಕು: ಲೆವೊನಾರ್ಜೆಸ್ಟ್ರೆಲ್ ಬಗೆಯದು ಮೂರು ಗಂಟೆ ತಡವಾದರೂ ತಪ್ಪಿದಂತೆ, ಡೆಸೊಜೆಸ್ಟ್ರೆಲ್ 75 ಮೈಕ್ರೊಗ್ರಾಂ ಆದರೆ 12 ಗಂಟೆಯವರೆಗೆ ತಡೆಯುತ್ತದೆ. ತಪ್ಪಿದರೆ ನೆನಪಾದ ಕೂಡಲೇ ನುಂಗಿ, ಎರಡು ದಿನ ಕಾಂಡೋಮ್ ಬಳಸಿ. ಹಳೇ ಅಭ್ಯಾಸದ ಮೇಲೆ 21 ದಿನ ತಿಂದು ಏಳು ದಿನ ಬಿಡುವವರಿದ್ದಾರೆ. ಇದರಲ್ಲಿ ಬಿಡುವಿನ ವಾರವೇ ಇಲ್ಲ, ಶೀಟು ಮುಗಿದ ಮಾರನೇ ದಿನವೇ ಹೊಸದು.

ಮೂರು ತಿಂಗಳಿಗೊಮ್ಮೆ ಕೊಡುವ 150 ಮಿ.ಗ್ರಾಂ ಗರ್ಭನಿರೋಧಕ ಚುಚ್ಚುಮದ್ದನ್ನು (ಡಿಎಂಪಿಎ) ಹಾಲೂಡಿಸುವವರು ಆರು ವಾರದ ಮೇಲೆ ತೆಗೆದುಕೊಳ್ಳುವುದು ವಾಡಿಕೆ. ಚುಚ್ಚಿದ ಜಾಗ ಉಜ್ಜಬೇಡಿ, ಶಾಖ ಕೊಡಬೇಡಿ, ಮದ್ದು ಬೇಗ ಕರಗಿಹೋಗುತ್ತದೆ. ನಿಲ್ಲಿಸಿದ ಮೇಲೆ ಮತ್ತೆ ಗರ್ಭ ನಿಲ್ಲಲು ತಿಂಗಳುಗಟ್ಟಲೆ ತಡವಾಗಬಹುದು ಅನ್ನುವುದನ್ನು ಮೊದಲೇ ಹೇಳದಿದ್ದರೆ ಆಮೇಲೆ ಬೈಗುಳ ಗ್ಯಾರಂಟಿ. ಕ್ಷಯಕ್ಕೆ ರಿಫಾಂಪಿಸಿನ್, ಮೂರ್ಛೆಗೆ ಫೆನಿಟೊಯಿನ್ ಅಥವಾ ಕಾರ್ಬಮಜೆಪಿನ್ ತೆಗೆದುಕೊಳ್ಳುತ್ತಿದ್ದರೆ ಮಾತ್ರೆ ಮತ್ತು ತೋಳಿನ ಚರ್ಮದಡಿ ಇಡುವ ಹಾರ್ಮೋನ್ ಕಡ್ಡಿಯ (ಇಂಪ್ಲಾಂಟ್) ಬಲ ಕುಗ್ಗುತ್ತದೆ, ಬಾಯಿಬಿಟ್ಟು ಹೇಳಿ.

ಮಕ್ಕಳು ಸಾಕು ಅನ್ನುವವರಿಗೆ ಟ್ಯೂಬೆಕ್ಟಮಿ (ಹೆಣ್ಣಿನ ಸಂತಾನಹರಣ ಶಸ್ತ್ರಚಿಕಿತ್ಸೆ) ಹೆರಿಗೆಯಾದ ಏಳು ದಿನದೊಳಗೆ, ಇಲ್ಲವೇ ಆರು ವಾರ ಕಳೆದ ಮೇಲೆ. ಗಂಡಸಿನ ವ್ಯಾಸೆಕ್ಟಮಿ ಇದಕ್ಕಿಂತ ಚಿಕ್ಕದು, ಸುರಕ್ಷಿತ, ಆದರೂ ಆ ಮಾತು ಬಂದಾಗ ಗಂಡಂದಿರು ಫೋನ್ ನೋಡತೊಡಗುತ್ತಾರೆ. ಮಾಡಿಸಿದ ಮಾರನೇ ದಿನದಿಂದಲೇ ರಕ್ಷಣೆ ಶುರುವಾಗುವುದಿಲ್ಲ. ಮೂರು ತಿಂಗಳು ಕಾದು, ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣು ಇಲ್ಲ ಅಂತ ಬಂದ ಮೇಲಷ್ಟೇ ಕಾಂಡೋಮ್ ಬಿಡಬೇಕು.

ತಪಾಸಣೆಗೆ ಆರನೇ ವಾರದವರೆಗೆ ಕಾಯುವುದೂ ತಪ್ಪೇ. ಮೊದಲ 24 ಗಂಟೆ ಆಸ್ಪತ್ರೆಯಲ್ಲೇ, ಆಮೇಲೆ 48ರಿಂದ 72 ಗಂಟೆಯೊಳಗೆ, 7ರಿಂದ 14ನೇ ದಿನದೊಳಗೆ, ಆರನೇ ವಾರದಲ್ಲಿ. ಪ್ರತಿ ಸಲ ಬಿಪಿ ನೋಡಿಸಿ, ಬಸಿರಿನಲ್ಲಿ ಸರಿಯಿದ್ದವರಿಗೂ ಹೆರಿಗೆಯ ನಂತರ ಏರುವುದುಂಟು. ಮಗುವಿನ ಲಸಿಕೆಗೆ ಹೋದಾಗ ತೂಕ, ತಾರೀಖು ಎಲ್ಲ ಮಗುವಿನದೇ, ತಾಯಿಯನ್ನು ಯಾರೂ ವಿಚಾರಿಸುವುದಿಲ್ಲ. ನೀವೇ ಕೇಳಿ.

ಈಗಾಗಲೇ ಅನುಮಾನವಿದ್ದರೆ ಮುಟ್ಟಿಗೆ ಕಾಯದೆ ಮೂತ್ರ ಪರೀಕ್ಷೆ ಮಾಡಿಕೊಳ್ಳಿ. ಬಸಿರು ಖಚಿತವಾದರೆ, ಸಿಸೇರಿಯನ್ ಆದವರು ಆರು-ಏಳನೇ ವಾರದಲ್ಲೇ ಸ್ಕ್ಯಾನ್ ಮಾಡಿಸಬೇಕು, ಗರ್ಭ ಹಳೇ ಹೊಲಿಗೆಯ ಮೇಲೆ ಕೂತಿಲ್ಲ ಅಂತ ನೋಡಲು. ಕಾಪರ್-ಟಿ ಒಳಗಿದ್ದೂ ಗರ್ಭ ನಿಂತರೆ, ಅದು ಗರ್ಭಕೋಶದ ಬದಲು ನಾಳದಲ್ಲಿ ಬೆಳೆಯುತ್ತಿಲ್ಲ ಅಂತ ಮೊದಲು ಖಚಿತಪಡಿಸಿಕೊಳ್ಳಬೇಕು. 14 ವಾರಕ್ಕೆ ತಿಳಿದ ಆ ತಾಯಿಯಂಥವರಿಗೆ ಹಿಮೋಗ್ಲೋಬಿನ್ ಪರೀಕ್ಷೆ, ಕಬ್ಬಿಣದ ಮಾತ್ರೆ, ತಕ್ಷಣ ಸಿಸೇರಿಯನ್ ಮಾಡಬಲ್ಲ ಕಡೆಯೇ ಹೆರಿಗೆ. ನೋವು ಬರಿಸಲು ಮಿಸೊಪ್ರೊಸ್ಟಾಲ್ ಕೊಡಬಾರದು. ಹಳೇ ಆಪರೇಷನ್ನಿನ ತಾರೀಖು, ಈ ಸಲ ಹೆರಿಗೆ ಟೇಬಲ್ಲಿನ ಮೇಲೇ ಯಾವ ವಿಧಾನ ಬೇಕು ಅಂತ ಆಕೆ ಆರಿಸಿಕೊಂಡಿದ್ದಾಳೆ ಅನ್ನುವುದು, ಎರಡನ್ನೂ ತಾಯಿ ಕಾರ್ಡಿನ ಮೊದಲ ಪುಟದಲ್ಲಿ ಬರೆಸಿಡಿ.